ಬಾಟಲಿಯಲ್ಲಿ ಬೆಳೆದ ಬಚ್ಚಲ ಬಾಳೆ

ಬಾಳೆ ಗೊನೆ ಬಿಟ್ಟಿದೆ ಎಂದು ಗುಬ್ಬಿ ಕಡೆಯ ನಮ್ಮೂರಿನಿಂದ ಮಗ ಫೋನ್ ಮಾಡಿದಾಗ ನಾನು ತುಮಕೂರಿನ ಮನೆಯಲ್ಲಿ ಒಬ್ಬಳೇ ಕೂತು ಹುರುಳಿಕಾಳು ಆರಿಸುತ್ತಿದ್ದೆ. ಮೊರ ಪಕ್ಕಕ್ಕಿಟ್ಟು ಎದ್ದು ನಿಂತೆ. ನಿಂತ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಇಂಥ ಸುದ್ದಿಯನ್ನು ಯಾರಿಗಾದರೂ ಹೇಳದೆ ಇರುವುದು ಹೇಗೆ? ಮೊಮ್ಮಗಳಿಗೆ ಹೇಳೋಣವೆಂದರೆ ಅವಳು ಕೆಲಸ ಮಾಡುವ ಲ್ಯಾಬಿನೊಳಕ್ಕೆ ಫೋನ್ ಒಯ್ಯುವ ಹಾಗಿಲ್ಲ. ಎದುರು ಮನೆಗೆ ಬೀಗ. ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಆಕೆ ಅರ್ಧ ಬಾಗಿಲು ತೆರೆದು, "ಏನಜ್ಜಿ, ನಲ್ಲೀಲಿ ನೀರು ಬಂದಿಲ್ವಾ?" ಎಂದಳು.

"ನೀರಲ್ಲ ಕಣಮ್ಮ. ನಮ್ಮ ಬಾಳೆ ಗೊನೆ ಬಿಡ್ತಂತೆ."

"ಓ, ಹೌದಾ?" ಎಂದಳು. ಒಳಗೆ ಕುಕ್ಕರ್ ಕೂಗಿತು, ಹೋದಳು.

ತರಕಾರಿ ಗಾಡಿಯವನು ಬಂದ. ಅವನಿಗೂ ಹೇಳಿದೆ. "ಬಲಿತ್ ಮ್ಯಾಕೆ ಹೇಳಜ್ಜಿ, ನಾನೇ ತಗೋತೀನಿ" ಎಂದ. ಮಾರುವುದಕ್ಕಲ್ಲ ಕಣಪ್ಪ ಎಂದರೆ, "ಮತ್ತೆ ನಂಗ್ಯಾಕಜ್ಜಿ ಹೇಳ್ದೆ?" ಎಂದು ನಕ್ಕು ಗಾಡಿ ತಳ್ಳಿಕೊಂಡು ಹೋದ.

ಅವನು ಕೇಳಿದ್ದು ಸರಿಯೇ. ಈ ಸುದ್ದಿ ಕೇಳಬೇಕಾದವರು ಯಾರೂ ಉಳಿದಿಲ್ಲ, ಅದಕ್ಕೆ ಗಾಡಿಯವನಿಗೆ ಹೇಳಿದೆ. ಈಗ ಬರೆಯುತ್ತಿರುವುದೂ ಅದಕ್ಕೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತು ದೀರ್ಘ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಸಂತೋಷವನ್ನು ತಿದ್ದುವುದಕ್ಕೆ ಮಾತ್ರ ಬಿಡುವುದಿಲ್ಲ.

ಆ ಬಾಳೆ ನನ್ನ ತವರಿನದು. ಕುಣಿಗಲ್ ತಾಲ್ಲೂಕು, ಕೊತ್ತಗೆರೆ ಹತ್ತಿರದ ಊರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆಗೆ ಒಂದು ಬಾಳೆ ಕಂದನ್ನೂ ಕೊಡುತ್ತಿದ್ದರು. ಕಂದು ಎಂದರೆ ತಾಯಿಗಿಡದ ಬುಡದಲ್ಲಿ ಏಳುವ ಮರಿ. ಅದನ್ನು ಗಂಡನ ಮನೆಯ ಬಚ್ಚಲ ನೀರು ಹರಿಯುವ ಕಡೆ ನೆಡಬೇಕು. ಮೊದಲ ಗೊನೆ ಬಂದಾಗ ನೆಟ್ಟ ಮನೆಯವರು ಒಂದು ಹಣ್ಣನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಇಡೀ ಗೊನೆ ತವರಿಗೆ ಹೋಗಬೇಕು. ತವರಿನವರು ಮೊದಲು ತಿಂದು, ಇದು ನಮ್ಮದೇ ಎಂದು ಒಪ್ಪಿ, ಮಗಳ ಮಡಿಲು ತುಂಬಬೇಕು. ಆಮೇಲೆ ಉಳಿದವರು ತಿನ್ನುವುದು.

ನನ್ನ ಮೊದಲ ಗೊನೆಯನ್ನು ನಮ್ಮ ಯಜಮಾನರು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಗೊನೆ ಇದೆಯೋ ಬಿತ್ತೋ ಎಂದು ನೋಡುತ್ತಿದ್ದರು. ನಮ್ಮಣ್ಣ ಹೊಸಿಲ ಮೇಲೆ ನಿಂತೇ ಒಂದು ಹಣ್ಣು ಸುಲಿದು ತಿಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬೇಕೆಂದೇ ನಿಧಾನ ಮಾಡಿದ. ಕೊನೆಗೆ ಒಳಗಿದ್ದ ಅವ್ವನಿಗೆ ಕೇಳುವ ಹಾಗೆ, "ನಮ್ಮನೇದೇ ಕಣವ್ವೋ, ಊರು ಬಿಟ್ರೂ ರುಚಿ ಬಿಟ್ಟಿಲ್ಲ!" ಎಂದು ಕೂಗಿದ.

ಆ ಬಾಳೆಗೆ ಬೇರೆ ಹೆಸರಿಲ್ಲ, ಬಚ್ಚಲ ಬಾಳೆ ಎಂದೇ ಕರೆಯುವುದು. ಗಿಡ್ಡ ಹಣ್ಣು, ದಪ್ಪ ಸಿಪ್ಪೆ. ಒಳಗೆ ತೆಳು ಹಳದಿ. ಮೊದಲು ಸ್ವಲ್ಪ ಹುಳಿ, ನುಂಗುವಾಗ ಸಿಹಿ. ಅಂಗಡಿಯಲ್ಲಿ ಸಿಗುವುದಿಲ್ಲ. ತವರಿನಲ್ಲಿ ಅವ್ವ, ಅಣ್ಣ ಎಲ್ಲರೂ ಹೋದರು. ಅಣ್ಣನ ಮಕ್ಕಳು ಜಾಗ ಮಾರಿ ಎಲ್ಲೆಲ್ಲಿಗೋ ಹೋದರು. ಮನೆ, ಹಿತ್ತಲು ಇದ್ದ ಕಡೆ ಈಗ ಒಂದು ಕಲ್ಯಾಣ ಮಂಟಪದವರು ಕಾರು ನಿಲ್ಲಿಸುತ್ತಾರೆ. ಯಡಿಯೂರಿಗೆ ಹೋಗುವಾಗ ಒಮ್ಮೆ ಇಳಿದು ನೋಡಿದೆ. ಬಚ್ಚಲು ಇದ್ದದ್ದು ಎಲ್ಲಿ ಎಂದು ಅಂದಾಜು ಮಾಡುತ್ತಾ ನಿಂತಿದ್ದೆ. ಕಾವಲಿನವನು ಬಂದು, "ಯಾರ ಕಡೇರಮ್ಮಾ, ಹೆಣ್ಣಿನ ಕಡೇರೋ ಗಂಡಿನ ಕಡೇರೋ?" ಎಂದು ಕೇಳಿದ. ಹೆಣ್ಣಿನ ಕಡೆ ಎಂದೆ. ಸುಳ್ಳೇನಲ್ಲವಲ್ಲ.

ಹೀಗಾಗಿ ನನ್ನ ತವರೆಂದು ಉಳಿದದ್ದು ನಮ್ಮ ಮನೆಯ ಹಿಂದಿನ ಆ ಬಾಳೆ ಗುಂಪು ಒಂದೇ. ಮೊಮ್ಮಗಳಿಗೆ ತುಮಕೂರಿನಲ್ಲಿ ಕೆಲಸವಾದಾಗ ಅವಳಿಗೆ ಅಡಿಗೆ ಮಾಡಿ ಹಾಕಲು ನಾನೂ ಬಂದೆ. ಅವಳು ಹೋಗುವುದು ವಸಂತನರಸಾಪುರದ ಕಡೆಯ ಲ್ಯಾಬಿಗೆ. ಬಾಟಲಿಯಲ್ಲಿ ಗಿಡ ಬೆಳೆಸುತ್ತಾರೆ, ಟಿಶ್ಯೂ ಕಲ್ಚರ್ ಎಂದು ಹೆಸರು. ಅವಳು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಅಲ್ಲಿಯವರೆಗೆ ನಾನು, ನಾಲ್ಕು ಗೋಡೆ. ಮಾತಾಡದೆ ಇದ್ದು ಇದ್ದು ಸಂಜೆ ಅವಳು ಬಂದಾಗ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಒಂದು ಸಲ ಹಬ್ಬಕ್ಕೆಂದು ಊರಿಗೆ ಹೋದಾಗ ಮೊಮ್ಮಗಳು ಹಿತ್ತಲಿನಲ್ಲಿ ನಿಂತುಬಿಟ್ಟಳು. ಬಾಳೆಯ ಎಲೆಗಳೆಲ್ಲ ಸಣ್ಣಗಾಗಿ, ಪೊರಕೆ ತಲೆಕೆಳಗೆ ನಿಲ್ಲಿಸಿದ ಹಾಗೆ ಮೇಲಕ್ಕೆ ಸೆಟೆದಿದ್ದವು. ಗೊನೆ ಬರುವುದು ನಿಂತು ಕಾಲವಾಗಿತ್ತು. ಗೊಬ್ಬರ ಸಾಲದೇನೋ ಎಂದುಕೊಂಡಿದ್ದೆವು.

"ಇದು ವೈರಸ್ ಅಜ್ಜಿ" ಎಂದಳು. "ಗಿಡದ ಮೇಲೆ ಸಣ್ಣ ಹೇನು ಕೂತು ಹರಡುತ್ತೆ. ಬುಡ ಸಮೇತ ತೆಗೀಬೇಕು. ಇಲ್ದಿದ್ರೆ ಸುತ್ತ ತೋಟದೋರ ಬಾಳೆನೂ ಹೋಗುತ್ತೆ."

"ಒಂದು ಕಂದು ಕಿತ್ತು ಬೇರೆ ಕಡೆ ನೆಟ್ರೆ?"

"ಕಂದಿಗೂ ಬಂದಿರುತ್ತೆ."

ಮಗ ಗುದ್ದಲಿ ತಂದೇಬಿಟ್ಟ. "ಹೋಯ್ತು ಬುಡವ್ವ. ಬ್ಯಾರೆ ಜಾತಿ ತಂದು ಹಾಕ್ಸಾನ" ಎಂದ. ನಾನು ಗುದ್ದಲಿಯ ಹಿಡಿ ಹಿಡಿದುಕೊಂಡೆ. ಬೇರೆ ಜಾತಿಯ ಬಾಳೆ ತರಬಹುದು, ಬೇರೆ ತವರು ಎಲ್ಲಿಂದ ತರುತ್ತಾನೆ? ಹಿಡಿ ಬಿಡಲಿಲ್ಲ.

ಮೊಮ್ಮಗಳು ತನ್ನ ಲ್ಯಾಬಿನ ಮೇಡಂಗೆ ಫೋನ್ ಮಾಡಿದಳು. ಮೇಡಂ ಹೇಳಿದ್ದು ಇಷ್ಟು: ಗಿಡದ ಒಳಗಿನ ಬೆಳೆಯುವ ತುದಿ ಇದೆಯಲ್ಲ, ಸಾಸಿವೆಗಿಂತ ಸಣ್ಣದು, ಕೆಲವು ಸಲ ರೋಗ ಅಲ್ಲಿಯತನಕ ಏರಿರುವುದಿಲ್ಲ. ಅಷ್ಟನ್ನೇ ಬಿಡಿಸಿ ಬೆಳೆಸಿದರೆ ಬದುಕಿದರೂ ಬದುಕಬಹುದು. ಖಂಡಿತ ಅಂತ ಹೇಳಲಾರೆ. ಕಂದನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ಉಳಿದದ್ದನ್ನು ಸುಟ್ಟುಬಿಡಿ.

ಮಗ ಕಂದು ಕಿತ್ತ. ಕಟ್ಟುವ ಕೆಲಸ ನನ್ನದು. ನಮ್ಮಲ್ಲಿ ಕಂದು ಬರಿಮೈಯಲ್ಲಿ ಮನೆ ಬಿಡುವುದಿಲ್ಲ. ಸಗಣಿ ಬಗ್ಗಡಕ್ಕೆ ಬೂದಿ ಬೆರೆಸಿ, ಅದರಲ್ಲಿ ಗೆಡ್ಡೆ ಅದ್ದಿ, ಒಣ ಬಾಳೆಪಟ್ಟೆ ಸುತ್ತಿ, ಅರಿಶಿನ ಕುಂಕುಮ ಇಟ್ಟು ಕಳಿಸುವುದು. ನನ್ನವ್ವ ನನಗೆ ಕೊಟ್ಟದ್ದೂ ಹಾಗೆಯೇ. ಎಂದಿಗಿಂತ ಒಂದು ಹಿಡಿ ಹೆಚ್ಚಿಗೆ ಸಗಣಿ ಹಾಕಿ ಚೆನ್ನಾಗಿ ಮೆತ್ತಿ, ಕವರಿನಲ್ಲಿ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಾಗ ಕಟ್ಟಿದ್ದು, ಅವಳು ನೋಡಿರಲಿಲ್ಲ.

ಲ್ಯಾಬಿನ ವರಾಂಡದಲ್ಲಿ ಮೇಡಂ ಕವರು ಬಿಚ್ಚಿದರು. ಬಿಚ್ಚಿದವರು ಹಾಗೇ ಹಿಂದಕ್ಕೆ ಸರಿದರು.

"ಅಯ್ಯಯ್ಯೋ ಅಜ್ಜಿ, ಸಗಣಿನಾ?" ಎಂದು ಮೊಮ್ಮಗಳು ತಲೆ ಮೇಲೆ ಕೈ ಹೊತ್ತಳು. "ಇಲ್ಲಿ ಚಪ್ಪಲಿ ಧೂಳೂ ಒಳಗೆ ಬರಬಾರ್ದು ಅಂತ ಬಡ್ಕೋತೀವಿ!"

"ಕ್ಲೀನ್ ಮಾಡ್ಬೇಕು ಅಂದ್ಯಲ್ಲೇ, ಅದಕ್ಕೇ ಬಳ್ದೆ" ಎಂದೆ.

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೊರಗಿನ ನಲ್ಲಿಯಲ್ಲಿ ಅದನ್ನು ತೊಳೆದದ್ದೇ ತೊಳೆದದ್ದು. ಸೋಪು, ಔಷಧಿ ನೀರು, ಮತ್ತೆ ಸೋಪು. ನನಗೆ ಒಳಗೆ ಪ್ರವೇಶವಿಲ್ಲ. ವರಾಂಡದಲ್ಲಿ ಒಂದು ಗಾಜಿನ ಕಿಟಕಿ ಇದೆ, ಅಲ್ಲಿಂದ ನೋಡಿದೆ. ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕೂತು ಚಾಕುವನ್ನು ಬೆಂಕಿಗೆ ಹಿಡಿದು ಹಿಡಿದು ಪದರ ಸುಲಿದರು. ನಾನು ಗಿಡವೆಂದು ಮಡಿಲಲ್ಲಿಟ್ಟುಕೊಂಡು ತಂದದ್ದೆಲ್ಲ ಕಸದ ಬುಟ್ಟಿಗೆ ಹೋಯಿತು. ಕೊನೆಗೆ ಚಿಮಟದ ತುದಿಯಲ್ಲಿ ಏನೋ ಬೆಳ್ಳಗೆ ಇತ್ತೆಂದು ಕಾಣುತ್ತದೆ, ನನ್ನ ಕಣ್ಣಿಗೆ ಸಿಗಲಿಲ್ಲ. ಬರಿಯ ಚಿಮಟ ಕಂಡಿತು. ಇಷ್ಟೇನಾ ಎನಿಸಿತು.

ಊರಿನಲ್ಲಿದ್ದ ಇನ್ನಷ್ಟು ಕಂದುಗಳನ್ನೂ ಹಾಗೆಯೇ ತಂದೆವು, ಸಗಣಿ ಇಲ್ಲದೆ. ಆಮೇಲೆ ಮಗ ಗುಂಪನ್ನು ಅಗೆದು ಸುಟ್ಟ. ಫೋನಿನಲ್ಲಿ ಹೇಳಿದ, "ಆಯ್ತು ಕಣವ್ವ." ನಾನೂ ಆಯ್ತಾ ಎಂದೆ.

ಅಂದಿನಿಂದ ಬಚ್ಚಲ ಬಾಳೆ ಲ್ಯಾಬಿನ ಬಾಟಲಿಗಳಲ್ಲಿ ಬಿಟ್ಟು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ನಾನು ಆಗಾಗ ಊಟದ ಡಬ್ಬಿ ನೆಪ ಮಾಡಿಕೊಂಡು ಲ್ಯಾಬಿಗೆ ಹೋಗುತ್ತಿದ್ದೆ. ಡಬ್ಬಿಯನ್ನು ಬೇಕೆಂದೇ ಬೆಳಿಗ್ಗೆ ಕಟ್ಟುತ್ತಿರಲಿಲ್ಲ. ಕಿಟಕಿಯ ಆಚೆ ಹುಡುಗಿಯರೆಲ್ಲ ಬಿಳಿ ಕೋಟು, ಬಿಳಿ ಟೋಪಿ, ಬಾಯಿಗೆ ಬಟ್ಟೆ. ಯಾರು ನನ್ನವಳೋ ತಿಳಿಯುತ್ತಿರಲಿಲ್ಲ. ಮೊದಮೊದಲು ಬಹಳ ಪ್ರೀತಿಯಿಂದ ಒಬ್ಬಳಿಗೆ ಕೈ ಬೀಸಿ ಬರುತ್ತಿದ್ದೆ. ಅವಳೂ ಬೀಸುತ್ತಿದ್ದಳು. ಅವಳು ಸಿರಾ ಕಡೆಯ ಇನ್ಯಾರ ಮಗಳೋ ಎಂದು ಆಮೇಲೆ ಗೊತ್ತಾಯಿತು. ಮೊಮ್ಮಗಳು ಅದನ್ನು ಹೇಳಿ ಹೇಳಿ ನಕ್ಕಳು. ಪರವಾಗಿಲ್ಲ, ಆ ಮಗುವಿಗೂ ಅಜ್ಜಿ ಇರಲಿಲ್ಲವಂತೆ. ಈಗಲೂ ಇಬ್ಬರಿಗೂ ಬೀಸುತ್ತೇನೆ.

ಬಾಟಲಿಗಳಲ್ಲಿ ಬೂಷ್ಟು ಬಂತು. ಸಂಜೆ ಅವಳು ಬಂದು ಮುಖ ತೊಳೆಯದೆ ಕೂತರೆ ನನಗೆ ಅರ್ಥವಾಗುತ್ತಿತ್ತು, ಇವತ್ತೂ ಒಂದು ಹೋಯಿತು. ನನ್ನ ಸಗಣಿಯಿಂದಲೇ ಎಂದು ನಾನು ಅಳುಕಿದೆ. "ಅಲ್ಲ ಅಜ್ಜಿ, ಸಗಣಿ ಇಲ್ದೆ ಇರೋದ್ರಲ್ಲೂ ಬಂದೈತೆ. ಗೆಡ್ಡೆ ಒಳಗೇ ಇರುತ್ತೆ" ಎಂದು ಸಮಾಧಾನ ಹೇಳಿದಳು. ಹೋಗಿ ಹೋಗಿ ಒಂದೇ ಬಾಟಲಿ ಉಳಿಯಿತು. ಒಂದೇ. ನಾನು ದೇವರ ಮುಂದೆ ಕೂತು ಏನು ಕೇಳಬೇಕೆಂದು ತಿಳಿಯದೆ ಎದ್ದು ಬಂದೆ. ಸಾಸಿವೆಗಿಂತ ಸಣ್ಣದಕ್ಕೆ ಆಯಸ್ಸು ಕೊಡು ಎಂದು ಕೇಳುವುದು ಹೇಗೆ?

ಆ ಒಂದು ಚಿಗುರಿತು. ಮೊಮ್ಮಗಳು ಫೋನಿನಲ್ಲಿ ಫೋಟೊ ಹಿಡಿದು ತಂದಳು. ತಾಟಿನಿಂಗಿನ ತಿರುಳಿನಂಥ ತಿಳಿಗಂಜಿಯ ಮೇಲೆ ಒಂದು ಹಸಿರು ಮೊಳಕೆ. ನಾನು ಆ ಫೋಟೊವನ್ನು ಬೆರಳಿನಿಂದ ಸವರಿದೆ, ಅದು ಹಾರಿ ಬೇರೆ ಫೋಟೊ ಬಂತು.

"ಬೇರು ಎಲ್ಲೇ?" ಎಂದೆ.

"ಈಗ್ಲೇ ಬೇರು ಬರಲ್ಲ ಅಜ್ಜಿ. ಎರಡು ತರ ಹಾರ್ಮೋನು ಐತೆ. ಒಂದನ್ನ ಜಾಸ್ತಿ ಹಾಕಿದ್ರೆ ಪಕ್ಕ ಪಕ್ಕ ಮರಿ ಒಡೆಯುತ್ತೆ. ಅದನ್ನ ಬಿಡಿಸಿ ಬೇರೆ ಬೇರೆ ಬಾಟ್ಲಿಗೆ ಹಾಕ್ತೀವಿ. ಸಾಕಷ್ಟು ಆದ್ಮೇಲೆ ಇನ್ನೊಂದು ಹಾರ್ಮೋನು ಹಾಕ್ತೀವಿ, ಆವಾಗ ಬೇರು ಬಿಡುತ್ತೆ."

"ಅಂದ್ರೆ ಬೇರು ಬಿಡಬ್ಯಾಡ ಅಂತ್ಲೂ ಔಷಧಿ ಇಡ್ತೀರಾ?"

"ಬ್ಯಾಡ ಅನ್ನಲ್ಲ. ಸ್ವಲ್ಪ ತಡಿ ಅಂತೀವಿ." ಮುದ್ದೆ ಮುರಿಯುತ್ತಾ ಮತ್ತೆ ಅಂದಳು, "ಎಳನೀರಲ್ಲೂ ಆ ಮರಿ ಒಡೆಸೋ ಹಾರ್ಮೋನು ಇರುತ್ತೆ. ಕೆಲವು ಗಿಡಕ್ಕೆ ಅದನ್ನೇ ಹಾಕ್ತೀವಿ."

ನಮ್ಮ ತೋಟದ ಎಳನೀರಿಗೆ ಇಷ್ಟು ಮರ್ಯಾದೆ ಇದೆಯೆಂದು ಯಾರಿಗೆ ಗೊತ್ತಿತ್ತು! ಮಾರನೆಯ ದಿನವೇ ಮಗನಿಗೆ ಫೋನ್ ಮಾಡಿ ಎಳನೀರು ತರಿಸಿದೆ. ಬಾಳೆಗೆ ಅದು ಬೇಕಾಗಿರಲಿಲ್ಲವಂತೆ. ಹುಡುಗಿಯರು ಕುಡಿದರು.

ಅವಳು ಮಲಗಿದ ಮೇಲೂ ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ತಿನ್ನಲು ಕೊಡುತ್ತಾರೆ, ಬೆಳಕು ಕೊಡುತ್ತಾರೆ, ತಂಪು ಕೊಡುತ್ತಾರೆ. ಗಿಡ ಹಸಿರಾಗಿಯೇ ಇರುತ್ತದೆ. ಆದರೆ ಕಾಲ ಕೆಳಗೆ ಏನೂ ಇಲ್ಲ. ತುಮಕೂರಿಗೆ ಬಂದ ಮೇಲೆ ನನಗೂ ಏನೂ ಕಡಿಮೆ ಇರಲಿಲ್ಲ.

ಮರಿ ಒಡೆದು ಬಾಟಲಿಗಳು ತುಂಬಿದವು. ರೋಗ ಇದೆಯೋ ಇಲ್ಲವೋ ಎಂದು ಎಲೆ ಚೂರನ್ನು ಪರೀಕ್ಷೆಗೆ ಕಳಿಸಿದರು. ಇದೆ ಎಂದು ಬಂದರೆ ಅಷ್ಟನ್ನೂ ಕುದಿಸಿ ಚೆಲ್ಲುವುದೇ. ಅದೇ ನಿಯಮ, ಅಜ್ಜಿಯದೆಂದು ಬಿಡುವ ಹಾಗಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಆ ವಾರ ನನ್ನ ಸಾರಿಗೆ ಉಪ್ಪೇ ಇರಲಿಲ್ಲ, ಮೊಮ್ಮಗಳು ಹಾಗೇ ಉಂಡಳು. ಒಂದು ಸಂಜೆ ಅವಳು ಮೆಟ್ಟಿಲಿನಿಂದಲೇ, "ಅಜ್ಜೀ, ಇಲ್ವಂತೆ! ರೋಗ ಇಲ್ವಂತೆ!" ಎಂದು ಕೂಗಿಕೊಂಡು ಬಂದಳು. ಕೆಳಗಿನ ಮನೆಯಾಕೆ ಗಾಬರಿಯಿಂದ ಹೊರಗೆ ಬಂದು, "ಯಾರಿಗಜ್ಜಿ, ಯಾವ ರೋಗ?" ಎಂದಳು. ನನ್ನ ತವರಿಗೆ ಕಣಮ್ಮ ಎಂದೆ. ಅವಳಿಗೆ ಏನು ಅರ್ಥವಾಯಿತೋ, "ಸದ್ಯ, ಒಳ್ಳೇದಾಯ್ತು ಬಿಡಿ" ಎಂದಳು.

ಬೇರು ಬಂದ ಗಿಡಗಳನ್ನು ಬಾಟಲಿಯಿಂದ ತೆಗೆದು ತೆಂಗಿನ ನಾರಿನ ಪುಡಿ ತುಂಬಿದ ಬಟ್ಟಲಲ್ಲಿ ನೆಟ್ಟರು. ಅದು ಹೊರಗಿನ ನೆರಳು ಮನೆಯಲ್ಲಿ, ಅಲ್ಲಿಗೆ ನನ್ನನ್ನೂ ಬಿಟ್ಟರು. ಆದರೆ ಗಿಡದ ಮೇಲೆ ಪ್ಲಾಸ್ಟಿಕ್ಕಿನ ಗುಡಾರ. ಬಾಟಲಿಯಲ್ಲಿ ಬೆಳೆದದ್ದಕ್ಕೆ ಬಿಸಿಲು ಗಾಳಿ ಗೊತ್ತಿಲ್ಲ, ಒಮ್ಮೆಲೇ ಬಿಟ್ಟರೆ ಬಾಡಿ ಮಲಗುತ್ತದೆ, ದಿನ ಕಳೆದ ಹಾಗೆ ಗುಡಾರವನ್ನು ಸ್ವಲ್ಪ ಸ್ವಲ್ಪ ಎತ್ತಬೇಕು ಎಂದಳು ಮೊಮ್ಮಗಳು. ನಾನು ಗುಡಾರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವುಗಳ ಜೊತೆ ಮಾತಾಡಿದೆ. ಏನು ಮಾತಾಡಿದೆನೋ ಬರೆಯುವುದಿಲ್ಲ. ಬಹಳ ದಿನದ ಮಾತು ಬಾಕಿ ಇತ್ತು.

ಗಟ್ಟಿಯಾದ ಗಿಡಗಳನ್ನು ಊರಿಗೆ ಒಯ್ಯಲು ಹೊರಡುವಾಗ ಮೇಡಂ ಒಂದು ಮಾತು ಹೇಳಿದರು. "ಅಜ್ಜಿ, ಹೀಗೆ ಬೆಳೆಸುವಾಗ ಒಂದೊಂದು ಗಿಡ ತನ್ನ ಗುಣ ಬಿಡೋದೂ ಉಂಟು. ನೋಡೋಕೆ ಹಾಗೇ ಇರುತ್ತೆ, ಹಣ್ಣು ಬೇರೆ ಆಗಿರುತ್ತೆ. ತಿನ್ನೋ ತನಕ ಹೇಳೋಕಾಗಲ್ಲ."

ಹಳೆಯ ಜಾಗ ಬಿಟ್ಟು, ಮನೆಯ ಇನ್ನೊಂದು ಪಕ್ಕಕ್ಕೆ ಬಚ್ಚಲ ನೀರು ತಿರುಗಿಸಿ ಮಗ ಅವನ್ನು ನೆಟ್ಟ. ಅದರಲ್ಲಿ ಒಂದು ಎಲ್ಲಕ್ಕಿಂತ ಮುಂಚೆ ಗೊನೆ ಬಿಟ್ಟ ಸುದ್ದಿಯನ್ನೇ ನಾನು ತರಕಾರಿಯವನಿಗೆ ಹೇಳಿದ್ದು.

ಗೊನೆ ಬಲಿಯುವವರೆಗೂ ನನಗೆ ಒಂದೇ ಯೋಚನೆ. ಮೊದಲ ಗೊನೆ. ಯಾರಿಗೆ ಕೊಡಲಿ? ಗೊನೆ ಕಡಿಯುವ ದಿನ ನಾನು ಊರಿಗೆ ಹೋದೆ. ಮಗ, ಮೇಲಿನ ಚಿಪ್ಪು ಹಣ್ಣಾಗಿದೆ, ತಿಂದು ನೋಡು ಎಂದ. ಬೇಡ ಎಂದೆ.

"ಇನ್ಯಾರ್ಗೆ ತಗೊಂಡೋಗ್ತೀಯವ್ವ? ಅಲ್ಲಿ ಕಾರ್ ನಿಲ್ಸವ್ರೆ" ಎಂದ.

"ಗೊತ್ತು ಕಣ್ಲಾ. ಈ ಗಿಡ ಎಲ್ಲಿಂದ ಬಂತು, ಅದು ಹೇಳು."

ಅವನು ಗೊನೆಯನ್ನು ಗೋಣಿಯಲ್ಲಿ ಸುತ್ತಿ ಮೊಪೆಡ್ಡಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಲ್ಯಾಬಿನ ಬಾಗಿಲಿಗೆ ತಂದು ಇಳಿಸಿದ. ತೋಟದಲ್ಲಿ ಕಾಯಿ ಕೀಳಿಸುವವರು ಕಾಯುತ್ತಿದ್ದಾರೆಂದು ಹಿಂದಿರುಗಿದ.

ವರಾಂಡದ ಕಿಟಕಿಯ ಮುಂದೆ ಗೊನೆ ನಿಲ್ಲಿಸಿ ಕೈ ಬೀಸಿದೆ. ಒಳಗಿನ ಬಿಳಿ ಕೋಟುಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಮೊಮ್ಮಗಳು ಮೇಡಂ ಜೊತೆ ಹೊರಗೆ ಬಂದಳು. ಅವಳು ಬಾಯಿಗೆ ಕಟ್ಟಿದ ಬಟ್ಟೆ ಕೆಳಗೆ ಎಳೆದು, ಒಂದು ಹಣ್ಣು ಸುಲಿದು ಕಚ್ಚಿದಳು. ಸಣ್ಣವಳಿದ್ದಾಗಿನಿಂದ ಆ ಹಣ್ಣು ತಿಂದವಳು. ಕಣ್ಣು ಮುಚ್ಚಿ ಅಗಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ.

"ಬೇಗ ಹೇಳೇ, ನಿಮ್ಮಜ್ಜಿ ಬಿದ್ದೋಗ್ತಾರೆ" ಎಂದರು ಮೇಡಂ.

ಅವಳು ಕಣ್ಣು ಬಿಟ್ಟು ಇಡೀ ಲ್ಯಾಬಿಗೆ ಕೇಳುವ ಹಾಗೆ ಕೂಗಿದಳು. "ನಮ್ಮನೇದೇ ಕಣವ್ವೋ!"

ಅಣ್ಣನ ಆ ಮಾತನ್ನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ಕೇಳಿಸಿಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಸೆರಗೊಡ್ಡಜ್ಜಿ" ಎಂದಳು.

ಯಜಮಾನರು ಹೋದ ಮೇಲೆ ನನ್ನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಹಾಕುವ ಪದ್ಧತಿಯೂ ಇಲ್ಲ. ನಾನು ಹಿಂದೆ ಮುಂದೆ ನೋಡಿದೆ. "ಒಡ್ಡು ಅಂದ್ರೆ ಒಡ್ಡು" ಎಂದು ಗದರಿದಳು. ಒಡ್ಡಿದೆ. ಅವಳು ಒಳಗೆ ಓಡಿಹೋಗಿ ಒಂದು ಬಾಟಲಿ ತಂದು ಸೆರಗಿನಲ್ಲಿ ಇಟ್ಟಳು. ಒಳಗೆ ಎಳೆಯ ಬಾಳೆ, ಬೆಳ್ಳನೆಯ ಬೇರು. ಸಿರಾದ ಹುಡುಗಿ ತನ್ನ ಡಬ್ಬಿಯಿಂದ ಒಂದು ಹಿಡಿ ಚಿತ್ರಾನ್ನ ತಂದು, "ಅಕ್ಕಿ ಇಲ್ಲಜ್ಜಿ, ಇದೇ ಹಾಕ್ಲಾ?" ಎಂದಳು. ನಗುತ್ತಾ ಅತ್ತುಬಿಟ್ಟೆ. ಆಮೇಲೆ ಹಣ್ಣು ಹಂಚಿದರು. ನನಗೂ ಒಂದು ಕೊಟ್ಟರು. ಮೊದಲು ಹುಳಿ, ಆಮೇಲೆ ಸಿಹಿ.

ಅವರಿಗೆ ಕೆಲಸವಿತ್ತು, ಒಳಗೆ ಹೋದರು. ನಾನು ಒಬ್ಬಳೇ ನಡೆದು ಬಂದು ಬಸ್ಸು ಹತ್ತಿದೆ. ಫ್ಯಾಕ್ಟರಿ ಬಿಟ್ಟ ಹೊತ್ತು. ಪಕ್ಕದಲ್ಲಿ ಒಬ್ಬಳು ಕೆಲಸದ ಹೆಣ್ಣುಮಗಳು ಕೂತಳು. ಸೆರಗಿನೊಳಗಿನ ಬಾಟಲಿಯನ್ನು ಬಗ್ಗಿ ನೋಡಿ, "ಏನಜ್ಜಿ ಇದು, ಬಾಟ್ಲೀಲಿ ಗಿಡ?" ಎಂದಳು.

"ತವರಿಂದ ಕೊಟ್ರು ಕಣವ್ವ."

"ಹೌದಾ? ಯಾವೂರು ತವರು?"

"ಇಲ್ಲೇ" ಎಂದೆ. "ಈಗ ಹತ್ತಿದ್ನಲ್ಲ, ಆ ಸ್ಟಾಪು."